ಸೊಸೆ ಸುಟ್ಟ ತರಕಾರಿ

"ಅಜ್ಜಾರೇ, ಯಾರಿಗೂ ಹೇಳದೆ ಮಾಡಿದ ಉಪಕಾರವೇ ಎಲ್ಲಕ್ಕಿಂತ ದೊಡ್ಡದು, ಅಲ್ಲವೇ?" ಎಂದು ಮಠದ ಶಿಷ್ಯ ಕೊಟ್ರೇಶ ಗುರುಗಳನ್ನು ಕೇಳಿದ.

ಕೇಳಿದ್ದು ಪ್ರಶ್ನೆಯಂತಿದ್ದರೂ ಅವನಿಗೆ ಬೇಕಾಗಿದ್ದದ್ದು ಉತ್ತರವಲ್ಲ, ಹೊಗಳಿಕೆ. ಆ ಬೆಳಿಗ್ಗೆ ಅವನು ಒಂದು ಉಪಕಾರ ಮಾಡಿ ಬಂದಿದ್ದ. ಯಾರೂ ನೋಡಿರಲಿಲ್ಲ. ಯಾರೂ ನೋಡಲಿಲ್ಲವಲ್ಲ ಎಂಬುದೇ ಈಗ ಅವನಿಗೆ ಕಷ್ಟವಾಗಿತ್ತು. ಹೇಳಿಕೊಂಡರೆ ಉಪಕಾರ ಸಣ್ಣದಾಗುತ್ತದೆ, ಹೇಳದಿದ್ದರೆ ಉಸಿರು ಕಟ್ಟುತ್ತದೆ. ಅದಕ್ಕೇ ಅದನ್ನು ಪ್ರಶ್ನೆಯ ಬಟ್ಟೆಯಲ್ಲಿ ಸುತ್ತಿ ತಂದಿದ್ದ.

ಗುರುಗಳ ಹೆಸರು ನಿರ್ವಾಣಯ್ಯ. ವಯಸ್ಸು ಐವತ್ತು ದಾಟಿರಲಿಲ್ಲ, ಗಡ್ಡದಲ್ಲಿ ಬಿಳಿ ಕೂದಲು ಹುಡುಕಬೇಕಾಗಿತ್ತು. ಆದರೆ ಆ ಸೀಮೆಯಲ್ಲಿ ಮಠದ ಗುರುವನ್ನು ಅಜ್ಜ ಎಂದು ಕರೆಯುವುದು ರೂಢಿ. ಎಂಬತ್ತರ ಮುದುಕಿಯರೂ ಕಾಲಿಗೆ ಬಿದ್ದು "ಅಜ್ಜಾರೇ" ಎನ್ನುತ್ತಿದ್ದರು. ಅವರೂ ನಗದೆ "ಏಳು ಮೊಮ್ಮಗಳೇ" ಎನ್ನುತ್ತಿದ್ದರು. ಕತೆ ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅವರ ಬಾಯಿಂದ ಒಂದೇ ಕತೆಯನ್ನು ಬೇರೆ ಬೇರೆ ದಿನ ಕೇಳಿದ ಇಬ್ಬರು, ನೀನು ಸುಳ್ಳ ನೀನು ಸುಳ್ಳ ಎಂದು ಕೈಕೈ ಮಿಲಾಯಿಸಿದ್ದೂ ಉಂಟು.

ಮಠದ ಹಿತ್ತಲಲ್ಲಿ ಬ್ರೆಡ್ಡು ಸುಡುವಂಥ ಒಂದು ಗೂಡೊಲೆ ಇತ್ತು. ಪಟ್ಟಣದ ಬೇಕರಿಯವರೊಬ್ಬರು ಹರಕೆ ತೀರಿಸಲು ಕಟ್ಟಿಸಿಕೊಟ್ಟದ್ದು. ಮಠದಲ್ಲಿ ಬ್ರೆಡ್ಡು ತಿನ್ನುವವರು ಯಾರೂ ಇಲ್ಲದ ಕಾರಣ ಬಹುಕಾಲ ಅದರೊಳಗೆ ಒಂದು ಬೆಕ್ಕು ಸಂಸಾರ ಹೂಡಿತ್ತು. ಒಂದು ದಿನ ಅಜ್ಜಾರು ಬೆಕ್ಕನ್ನು ಮರ್ಯಾದೆಯಿಂದ ಎಬ್ಬಿಸಿ ಹೊರಗೆ ಕಳಿಸಿ, ಸೌದೆ ಉರಿಸಿ, ಕೆಂಡವನ್ನು ಬದಿಗೆ ಸರಿಸಿ, ಕುಂಬಳಕಾಯಿ ಹೋಳುಗಳನ್ನು ತಟ್ಟೆಯಲ್ಲಿ ಹರಡಿ ಒಳಗೆ ತಳ್ಳಿದರು. ಅಂದಿನಿಂದ ವಿಶೇಷದ ದಿನಗಳಲ್ಲಿ ಅನ್ನ ಸಾರಿನ ಜೊತೆ ನಂಚಿಕೊಳ್ಳಲು ಒಲೆಯಲ್ಲಿ ಸುಟ್ಟ ತರಕಾರಿ ಕಾಯಂ ಆಯಿತು. ಮನೆ ಕಳೆದುಕೊಂಡ ಬೆಕ್ಕು ಒಲೆಯ ಹಿಂಬದಿಯ ಬಿಸಿಗೋಡೆಗೆ ಒರಗಿ ಬದುಕತೊಡಗಿತು. ಪರಿಹಾರವೆಂದು ಅಜ್ಜಾರು ಪ್ರತಿ ಬೆಳಿಗ್ಗೆ ತಾವೇ ಹೋಗಿ ಅದಕ್ಕೆ ಹಾಲು ಇಟ್ಟು ಬರುತ್ತಿದ್ದರು.

ಆ ಅಡುಗೆಯಷ್ಟು ಸರಳವಾದದ್ದು ಇನ್ನೊಂದಿಲ್ಲ. ತರಕಾರಿ ಹೆಚ್ಚಬೇಕು, ಎಣ್ಣೆ ಸವರಬೇಕು, ಉಪ್ಪು ಉದುರಿಸಬೇಕು, ಒಲೆಗೆ ತಳ್ಳಿ ಬಾಗಿಲು ಮುಚ್ಚಬೇಕು. ಇಷ್ಟೇ. ಆದರೆ ಮಠದಲ್ಲಿ ಒಂದು ನಿಯಮವಿತ್ತು. ಗದ್ದುಗೆಗೆ ಎಡೆ ಇಡುವವರೆಗೆ ಯಾವ ಅಡುಗೆಯನ್ನೂ ರುಚಿ ನೋಡುವಂತಿಲ್ಲ. ಕೈಗೆ ಗೊತ್ತಿದ್ದರೆ ಸರಿ, ಇಲ್ಲದಿದ್ದರೆ ಉಂಡಾಗಲೇ ಗೊತ್ತಾಗಬೇಕು.

ಆ ದಿನ ಒಲೆಯ ಸರದಿ ಹಾಲಪ್ಪನದು. ಹಾಲಪ್ಪ ಮಠಕ್ಕೆ ಬರುವ ಮೊದಲು ಮದುವೆಗಳಲ್ಲಿ ಬ್ಯಾಂಡು ಬಾರಿಸುತ್ತಿದ್ದ. ಒಳ್ಳೆಯ ಮನುಷ್ಯ, ನೆನಪು ಮಾತ್ರ ಸೋರುವ ಮಾಳಿಗೆ. ನೀರು ತರಲು ಕೊಡ ಬಿಟ್ಟು ಹೋಗುತ್ತಿದ್ದ. ಒಮ್ಮೆ ನೀರು ಹಾಕದೆ ಅಕ್ಕಿ ಒಲೆಗಿಟ್ಟು ಅನ್ನಕ್ಕೆ ಕಾದಿದ್ದ. ಮಠದ ಹಿರಿಯರು ತೀರ್ಮಾನಿಸಿದ್ದರು: ಇವತ್ತು ಪಟ್ಟಣದಿಂದ ಭಕ್ತರು ಬರುತ್ತಾರೆ, ಇವತ್ತಿನ ತಟ್ಟೆಯೂ ಕೆಟ್ಟರೆ ಹಾಲಪ್ಪ ಅಡುಗೆಮನೆ ಬಿಟ್ಟು ದನದ ಕೊಟ್ಟಿಗೆಗೆ. ಹಾಲಪ್ಪನಿಗೆ ದನಗಳ ಮೇಲೆ ಕೋಪವೇನಿಲ್ಲ. ಆದರೆ ಅವನಿಗೆ ಆ ಒಲೆಯ ಮೇಲೆ ಪ್ರೀತಿ ಹುಟ್ಟಿತ್ತು. ತನ್ನ ಕೈಯಿಂದ ಒಂದು ತಟ್ಟೆ ಚೆನ್ನಾಗಿ ಬರಲಿ ಎಂದು ಹಿಂದಿನ ದಿನವೇ ಒಲೆಗೆ ಕೈಮುಗಿದಿದ್ದ.

ಇದೆಲ್ಲ ಕೊಟ್ರೇಶನಿಗೆ ಗೊತ್ತಿತ್ತು. ಬೆಳಿಗ್ಗೆ ಹಾಲಪ್ಪ ಬದನೆ, ಗೆಣಸು, ಕುಂಬಳ ಹೆಚ್ಚಿ, ಎಣ್ಣೆ ಸವರಿ, ತಟ್ಟೆಯನ್ನು ಒಲೆಯ ಮುಂದಿಟ್ಟು ಸೌದೆ ತರಲು ಹೋಗಿದ್ದ. ಕೊಟ್ರೇಶ ತಟ್ಟೆ ನೋಡಿದ. ಈ ಮನುಷ್ಯ ಉಪ್ಪು ಮರೆಯುವುದು ಖಂಡಿತ ಅನ್ನಿಸಿತು. ಅತ್ತಿತ್ತ ನೋಡಿ, ಒಂದು ಹಿಡಿ ಹರಳುಪ್ಪು ತೆಗೆದು ತಟ್ಟೆಯ ತುಂಬ ಉದುರಿಸಿ, ಕೈ ಕೊಡವಿ, ಏನೂ ಆಗದವನ ಹಾಗೆ ಈಚೆ ಬಂದ. ಪಾಪ, ಹಾಲಪ್ಪ ಬದುಕಿಕೊಳ್ಳಲಿ. ನಾನು ಹಾಕಿದ್ದೆಂದು ಅವನಿಗೆ ಯಾವತ್ತೂ ತಿಳಿಯುವುದು ಬೇಡ. ಹೀಗೆ ಅಂದುಕೊಂಡಾಗ ಅವನಿಗೆ ತನ್ನ ಮೇಲೆ ಎಷ್ಟು ಗೌರವ ಉಕ್ಕಿತೆಂದರೆ, ಎದೆಯುಬ್ಬಿಸಿಕೊಂಡು ಮಠಕ್ಕೆ ಮೂರು ಸುತ್ತು ಹಾಕಿ, ಆಮೇಲೆ ಗುರುಗಳ ಬಳಿಗೇ ನಡೆದುಬಂದ.

ಅಜ್ಜಾರು ಮುಂದಿನ ಜಗಲಿಯ ಮೇಲೆ ಕೂತಿದ್ದರು. ಪ್ರಶ್ನೆ ಕೇಳಿ ಕಣ್ಣು ಅರ್ಧ ಮುಚ್ಚಿದರು. ಮಂಡಿಯ ಪಕ್ಕದ ಚಾಪೆ ತಟ್ಟಿ ಕೂರಲು ಹೇಳಿದರು.

"ಸರಿಯಾಗಿ ಕೂತುಕೋ. ಕತೆ ಸ್ವಲ್ಪ ಉದ್ದ ಇದೆ" ಎಂದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನ ಮನೆಯಲ್ಲಿ ಅವನು, ಅವನ ಹೆಂಡತಿ, ಅವನ ಮಗ, ಮತ್ತು ಅವನ ಮುದಿ ತಾಯಿ. ತಾಯಿ ಎಂದರೆ ಆ ಮನೆಗೆ ಸರಕಾರ. ಮಗನಿಗೆ ಮದುವೆಯಾಗಿ ಸೊಸೆ ಬಂದಳು. ಸೊಸೆಯನ್ನು ಕಂಡು ಇಡೀ ಮನೆಗೆ ಸಂತೋಷ. ಅತ್ತೆಗೆ ಸೊಸೆಯೆಂದರೆ ಪ್ರಾಣ. ಇದು ಕತೆ, ಆದ್ದರಿಂದ ನಂಬು, ಎಂದರು ಅಜ್ಜಾರು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮದುವೆಯಾದ ಮೇಲೆ ಮೊದಲ ಸಲ ಮಡಕೆ ಸುಟ್ಟು, ಆವಿಗೆಯಿಂದ ಮಡಕೆಗಳನ್ನು ಹೊರತೆಗೆದ ದಿನ, ಉಳಿದ ಬಿಸಿಯಲ್ಲಿ ಹೊಸ ಸೊಸೆ ಒಂದು ತಟ್ಟೆ ತರಕಾರಿ ಸುಡಬೇಕು. ಹೊಸ ಮಣ್ಣಿನ ತಟ್ಟೆ, ತರಕಾರಿ, ಎಣ್ಣೆ, ಉಪ್ಪು. ಬೇರೇನೂ ಇಲ್ಲ. ಬೇರೆ ಯಾರೂ ಕೈ ಹಾಕಕೂಡದು. ಹಾಕಿದರೆ ಅದು ಅವಳ ಅಡುಗೆ ಅಲ್ಲ, ಲೆಕ್ಕಕ್ಕಿಲ್ಲ. ಆವಿಗೆಯ ದೇವರಿಗೆ ಎಡೆ ಆಗುವವರೆಗೆ ಯಾರೂ ನಾಲಿಗೆಗೆ ತಾಗಿಸುವಂತಿಲ್ಲ. ಆಮೇಲೆ ಮುದುಕಿ ಮೊದಲ ತುತ್ತು ತಿನ್ನುತ್ತಾಳೆ. ಹಿಡಿಸಿದರೆ ತನ್ನ ಸೊಂಟದ ಸೌಟು ತೆಗೆದು ಸೊಸೆಯ ಕೈಗೆ ಕೊಡುತ್ತಾಳೆ, ಅಡುಗೆಮನೆ ಅವಳದು. ಹಿಡಿಸದಿದ್ದರೆ ಒಂದು ವರ್ಷ ಅಂಗಳದಲ್ಲಿ ಮಣ್ಣು ತುಳಿಯಬೇಕು.

ಮುದುಕಿ ಸೌಟನ್ನು ಸೊಂಟದಲ್ಲಿ ಯಾಕೆ ಸಿಕ್ಕಿಸಿಕೊಂಡಿದ್ದಳು ಎಂದು ಕೊಟ್ರೇಶ ಕೇಳಿದ. ಕೆಲವರು ಕತ್ತಿ ಸಿಕ್ಕಿಸಿಕೊಳ್ಳುವುದಿಲ್ಲವೇ, ಹಾಗೆ, ಎಂದರು ಅಜ್ಜಾರು.

ಆ ಹುಡುಗಿಗೆ ಮಣ್ಣು ತುಳಿಯುವುದೆಂದರೆ ಭಯ. ತವರಿನಲ್ಲಿ ಅವಳ ಅಕ್ಕನ ಹಿಮ್ಮಡಿ ಬಿರುಕು ಬಿಟ್ಟಿದ್ದನ್ನು ನೋಡಿದ್ದಳು. ಅಡುಗೆ ಮಾತ್ರ ಅವಳ ಕೈಗೆ ಒಲಿದಿತ್ತು. ಹೀರೇಕಾಯಿ, ಈರುಳ್ಳಿ, ಸುವರ್ಣಗೆಡ್ಡೆ ಒಂದೇ ಅಳತೆಗೆ ಹೆಚ್ಚಿದಳು. ಕುಸುಬೆ ಎಣ್ಣೆ ಸವರಿದಳು. ಉಪ್ಪು ಹಾಕಲಿಲ್ಲ. ಮರೆತಿದ್ದಲ್ಲ. ಮೊದಲೇ ಉಪ್ಪು ಹಾಕಿದರೆ ತರಕಾರಿ ನೀರು ಬಿಟ್ಟು ಮೆತ್ತಗಾಗುತ್ತದೆ, ಸುಟ್ಟು ತೆಗೆದ ಮೇಲೆ ಉದುರಿಸಬೇಕು ಎಂದು ಅವಳ ತವರಿನ ಕ್ರಮ. ಅದನ್ನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲಿಲ್ಲ. ತಟ್ಟೆಯನ್ನು ಆವಿಗೆಯ ಬಾಯಿಯಲ್ಲಿಟ್ಟು, ಮುಚ್ಚಲು ಒಂದು ದೊಡ್ಡ ಹೆಂಚು ತರಲು ಹಿತ್ತಲಿಗೆ ಹೋದಳು.

ಅಷ್ಟರಲ್ಲಿ ಕುಂಬಾರನ ಹೆಂಡತಿ ಬಂದಳು. ತಟ್ಟೆ ನೋಡಿದಳು. ಎಣ್ಣೆ ಹೊಳೆಯುತ್ತಿದೆ, ಉಪ್ಪಿನ ಹರಳು ಒಂದೂ ಕಾಣುತ್ತಿಲ್ಲ. ಅವಳು ಸೊಸೆಯಾಗಿ ಬಂದ ಕಾಲಕ್ಕೆ ಹೀಗೇ ಹೆದರಿ ಉಪ್ಪು ಮರೆತಿದ್ದಳು, ಒಂದು ವರ್ಷ ಮಣ್ಣು ತುಳಿದಿದ್ದಳು. ಈ ಕೂಸಿಗೆ ಆ ಗತಿ ಬರಬಾರದು. ಅತ್ತಿತ್ತ ನೋಡಿದಳು. ಒಂದು ಹಿಡಿ ಉಪ್ಪು ತೆಗೆದು ತಟ್ಟೆಯ ತುಂಬ ಉದುರಿಸಿದಳು. ಕೈ ಕೊಡವಿ, ಏನೂ ಆಗದವಳ ಹಾಗೆ ಹೊರಗೆ ಹೋದಳು.

ಕೊಟ್ರೇಶ ತನ್ನ ಬಲಗೈಯನ್ನು ಮೆಲ್ಲಗೆ ತೊಡೆಯ ಕೆಳಗೆ ಇಟ್ಟುಕೊಂಡ. ಇರಲಿ, ಇದು ಕುಂಬಾರರ ಕತೆ, ಎಂದುಕೊಂಡ.

ಆಮೇಲೆ ಮಗ ಬಂದ. ಹೊಸದಾಗಿ ಮದುವೆಯಾದವನು. ಹೆಂಡತಿಗೆ ಸಹಾಯ ಮಾಡಬೇಕೆಂದು ಬೆಳಗಿನಿಂದ ದಾರಿ ಹುಡುಕುತ್ತಿದ್ದ. ಅಷ್ಟರಲ್ಲಿ ತಾಯಿ ಹಾಕಿದ ಉಪ್ಪು ಎಣ್ಣೆಯಲ್ಲಿ ಕರಗಿತ್ತು.

ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ ಎಂದ ಕೊಟ್ರೇಶ.

ಆ ಊರಿನ ಉಪ್ಪು ಕರಗುತ್ತಿತ್ತು ಎಂದರು ಅಜ್ಜಾರು. ಈ ಮಗನಿಗೆ ಅಡುಗೆ ಬರುತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ಅಳತೆ, ಮಣ್ಣಿಗೆ ಮರಳು ಬೆರೆಸುವ ಅಳತೆ. ಆ ಲೆಕ್ಕದಲ್ಲಿ ಎರಡೂ ಕೈಯಲ್ಲಿ ಬೊಗಸೆ ತುಂಬ ಹಾಕಿದ. ಹಾಕಿ, ಹೆಂಡತಿ ಮೇಲಿನ ಪ್ರೀತಿಗೆ ಇನ್ನೊಂದು ಸ್ವಲ್ಪ ಹಾಕಿದ.

ಅವನು ಆ ಕಡೆ ಹೋದದ್ದೇ ಈ ಕಡೆಯಿಂದ ಕುಂಬಾರ ಬಂದ. ಆವಿಗೆಯ ಬಿಸಿ ನೋಡುವ ನೆಪ. ಅವನದೂ ಅದೇ ಯೋಚನೆ. ಹುಡುಗಿ ಚಿಕ್ಕವಳು, ನಮ್ಮ ತಾಯಿ ಗಟ್ಟಿ ಹೆಂಗಸು, ನಾಲ್ಕು ಹರಳು ಹೆಚ್ಚಿದ್ದರೆ ನಷ್ಟವಿಲ್ಲ. ಅವನು ಕೆಲಸದಲ್ಲಿ ಅಚ್ಚುಕಟ್ಟು. ಹಾಕಿದ ಉಪ್ಪನ್ನು ಅಂಗೈಯಿಂದ ತಟ್ಟಿ, ಮಡಕೆಯ ಅಂಚು ನುಣುಪು ಮಾಡುವ ಹಾಗೆ ಸಮ ಮಾಡಿ ಹೋದ. ಆಮೇಲೆ ಕುಂಬಾರನ ತಮ್ಮ ಬಂದ.

ಕೊಟ್ರೇಶ ತಡೆಯಲಾರದೆ, ಆಗ ನೀವು ಮನೆಯವರನ್ನು ಎಣಿಸುವಾಗ ತಮ್ಮ ಇರಲಿಲ್ಲ ಎಂದ.

"ಆಗ ಅವನು ಸಂತೆಗೆ ಹೋಗಿದ್ದ. ಈಗ ಬಂದ" ಎಂದರು ಅಜ್ಜಾರು. "ಉಪ್ಪನ್ನೂ ಸಂತೆಯಿಂದಲೇ ತಂದಿದ್ದ. ಹೊಸ ಉಪ್ಪು, ಬಲು ಕಟು. ಅದನ್ನೂ ಒಂದು ಹಿಡಿ ಹಾಕಿದ."

ಹಿತ್ತಲ ಕಡೆಯಿಂದ ಗಾಳಿ ತಿರುಗಿತು. ಬದನೆಕಾಯಿ ಸುಡುವ ಘಮ ಜಗಲಿಯವರೆಗೆ ಬಂತು. ಕೊಟ್ರೇಶನಿಗೆ ಅನುಮಾನ ಶುರುವಾಯಿತು. ತಾನು ಹಾಕಿದ್ದು ಒಂದೇ ಹಿಡಿ, ಅದೂ ಸಣ್ಣ ಹಿಡಿ. ಆದರೆ ಹಾಲಪ್ಪ ಇವತ್ತು ಮರೆಯದೇ ಇದ್ದರೆ? ಮರೆವಿನವರನ್ನು ಯಾವತ್ತೂ ನಂಬಲಾಗುವುದಿಲ್ಲ, ಬೇಕಾದ ದಿನವೇ ನೆನಪಿಟ್ಟುಕೊಂಡುಬಿಡುತ್ತಾರೆ. ಈಗಲೂ ಕಾಲ ಮಿಂಚಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಹೋಗಿ, ತಟ್ಟೆ ಹೊರಗೆಳೆದು, ಒಂದು ಚೊಂಬು ನೀರಿನಲ್ಲಿ ತೊಳೆದು, ಮತ್ತೆ ಒಳಗೆ ತಳ್ಳಿಬಿಟ್ಟರಾಯಿತು. ಇದು ಇನ್ನೂ ದೊಡ್ಡ ಉಪಕಾರವಾಗುತ್ತದೆ.

ಹೀಗೆ ಅಂದುಕೊಂಡು ಒಂದು ಮಂಡಿ ಎತ್ತಿದ. ಅಜ್ಜಾರು ಅದೇ ಮಂಡಿಯ ಮೇಲೆ ಪ್ರೀತಿಯಿಂದ ಕೈ ಇಟ್ಟರು. ಕೈ ಹಗುರವಾಗಿತ್ತು, ಆದರೆ ಮಂಡಿ ಮೇಲೇಳಲಿಲ್ಲ. ಕತೆಯ ನಡುವೆ ಎದ್ದು ಹೋದವರಿಗೆ ಮುಂದಿನ ಜನ್ಮದಲ್ಲಿ ಕತೆಗಳೆಲ್ಲ ಅರ್ಧಕ್ಕೇ ನಿಲ್ಲುತ್ತವೆ, ಅದು ಯಾವುದೋ ಗ್ರಂಥದಲ್ಲಿದೆ ಎಂದರು. ಯಾವ ಗ್ರಂಥ ಎಂದು ಕೇಳುವ ಧೈರ್ಯ ಕೊಟ್ರೇಶನಿಗೆ ಆಗಲಿಲ್ಲ.

ಸೊಸೆ ಹೆಂಚು ತಂದು ಆವಿಗೆಯ ಬಾಯಿ ಮುಚ್ಚಿದಳು. ಹೊತ್ತಾದ ಮೇಲೆ ತೆಗೆದಳು. ತರಕಾರಿಯ ಅಂಚು ಕೆಂಪಾಗಿ ಗರಿಗಟ್ಟಿತ್ತು. ಮೇಲೆ ಏನೋ ಬೆಳ್ಳಗೆ ಕೂತಿತ್ತು. ಆವಿಗೆಯೊಳಗಿನ ಬೂದಿ ಇರಬೇಕೆಂದು ಊದಿದಳು. ಹಾರಲಿಲ್ಲ. ಹೊಸ ಮನೆಯ ಬೂದಿ, ಭಾರ ಇರಬಹುದು ಅಂದುಕೊಂಡಳು. ಆಮೇಲೆ ತವರಿನ ಕ್ರಮದಂತೆ, ಎರಡು ಬೆರಳ ತುದಿಯಲ್ಲಿ ಒಂದು ಚಿಟಿಕೆ ಉಪ್ಪು ತೆಗೆದು, ದೇವರನ್ನು ನೆನೆದು, ಮೇಲೆ ಉದುರಿಸಿದಳು.

ಎಡೆ ಆಯಿತು. ದೇವರು ಏನೂ ಹೇಳಲಿಲ್ಲ. ದೇವರಿಗೆ ಸಹನೆ ಹೆಚ್ಚು.

ಮುದುಕಿ ತಟ್ಟೆಯ ಮುಂದೆ ಕೂತಳು. ಒಂದು ಹೋಳು ಬಾಯಿಗಿಟ್ಟಳು. ಜಗಿದಳು. ಜಗಿಯುವುದು ನಿಂತಿತು. ಎರಡೂ ಕಣ್ಣಿನಲ್ಲಿ ನೀರು ತುಂಬಿತು. ಮುದುಕಿಯ ಕಣ್ಣಲ್ಲಿ ನೀರು ಬಂದದ್ದನ್ನು ಆ ಮನೆಯವರು ಅದುವರೆಗೆ ನೋಡಿರಲಿಲ್ಲ. ಅವಳ ಗಂಡ ತೀರಿಹೋದ ದಿನವೂ ಬಂದಿರಲಿಲ್ಲ. ಸಂತೋಷದ ನೀರಿರಬೇಕೆಂದು ಮಗ ಹಿಗ್ಗಿದ. ಮುದುಕಿ ಕೈ ಚಾಚಿ ನೀರಿನ ಮಡಕೆ ತೆಗೆದುಕೊಂಡಳು. ಲೋಟಕ್ಕೆ ಬಗ್ಗಿಸಲಿಲ್ಲ. ಮಡಕೆಯನ್ನೇ ಎತ್ತಿ ಕುಡಿದಳು. ಅದು ಮುಗಿದ ಮೇಲೆ ಇನ್ನೊಂದು ಮಡಕೆ. ಕುಂಬಾರರ ಮನೆಯಾದ್ದರಿಂದ ಮಡಕೆಗೆ ಕೊರತೆ ಇರಲಿಲ್ಲ.

ಆಮೇಲೆ ಕೇಳಿದಳು: "ಉಪ್ಪು ಹಾಕಿದವರು ಯಾರು?"

ಈಗ ನೋಡು ಕೊಟ್ರೇಶ, ಎಂದರು ಅಜ್ಜಾರು, ಇಲ್ಲಿ ಕತೆ ಸಿಕ್ಕಿಬಿತ್ತು. ನಾನು ಹಾಕಿದೆ ಎಂದು ಯಾರಾದರೂ ಒಪ್ಪಿಕೊಂಡರೆ, ಅಡುಗೆ ಸೊಸೆಯದಲ್ಲ, ಲೆಕ್ಕಕ್ಕಿಲ್ಲ, ಹುಡುಗಿ ಮಣ್ಣು ತುಳಿಯಲು ಹೋಗಬೇಕು. ಒಪ್ಪಿಕೊಳ್ಳದಿದ್ದರೆ, ಇಷ್ಟೂ ಉಪ್ಪು ಹುಡುಗಿಯ ತಲೆ ಮೇಲೆ, ಆಗಲೂ ಮಣ್ಣು ತುಳಿಯಲು ಹೋಗಬೇಕು. ಪ್ರತಿಯೊಬ್ಬರೂ ತಮ್ಮ ಒಂದು ಹಿಡಿಯಿಂದಲೇ ಹೀಗಾಯಿತೆಂದು ನಂಬಿದ್ದರು. ಕುಂಬಾರ ಮೋಡ ನೋಡಿದ. ಅವನ ಹೆಂಡತಿ ಸೆರಗಿನ ಅಂಚು ಎಣಿಸಿದಳು. ಮಗ ತನ್ನ ಕಾಲಿನ ಹೆಬ್ಬೆರಳನ್ನು ಹೊಸದಾಗಿ ಕಂಡವನ ಹಾಗೆ ನೋಡಿದ. ತಮ್ಮ ಮತ್ತೆ ಸಂತೆಗೆ ಹೊರಟ.

ಸೊಸೆ ಒಬ್ಬಳೇ ತಲೆ ಎತ್ತಿ, "ನಾನೇ ಹಾಕಿದ್ದು ಅಮ್ಮಾ. ಒಂದು ಚಿಟಿಕೆ" ಎಂದಳು.

ಮುದುಕಿ ಅವಳ ಬೆರಳು ನೋಡಿದಳು. ಸಣ್ಣ ಬೆರಳು. ಆಮೇಲೆ ಮನೆಯವರ ಕೈಗಳನ್ನು ಒಂದೊಂದಾಗಿ ನೋಡಿದಳು. ನಾಳೆ ಇನ್ನೊಂದು ತಟ್ಟೆ ಸುಡು ಎಂದು ಎದ್ದು, ಮೂರನೆಯ ಮಡಕೆ ಹುಡುಕಿಕೊಂಡು ಹೋದಳು.

ಮಾರನೆಯ ದಿನ ಮನೆಯವರೆಲ್ಲ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡಿದರು. ಆವಿಗೆಯ ಕಡೆ ತಲೆ ಹಾಕಲಿಲ್ಲ. ಸೊಸೆ ಮಾತ್ರ ಉಪ್ಪಿನ ಮಡಕೆಯನ್ನೇ ದೂರ ಸರಿಸಿದಳು. ಒಂದು ಚಿಟಿಕೆಗೇ ಮುದುಕಿ ಎರಡು ಮಡಕೆ ಕುಡಿದಳಲ್ಲ, ಈ ಊರಿನ ಉಪ್ಪು ನನ್ನ ಊರಿನದರ ಹಾಗಲ್ಲ, ಮುಟ್ಟುವುದೇ ಬೇಡ, ಎಂದು ಹಾಗೇ ಸುಟ್ಟು ತಂದಿಟ್ಟಳು. ಮುದುಕಿ ತಿಂದಳು. ನಿನ್ನೆ ಸಮುದ್ರ ತಿನ್ನಿಸಿದಿರಿ, ಇವತ್ತು ಸೌದೆ ತಿನ್ನಿಸುತ್ತಿದ್ದೀರಿ ಎಂದಳು. ತಿನ್ನಿಸಿದಿರಿ, ಎಂದಳು. ತಿನ್ನಿಸಿದೆ ಎನ್ನಲಿಲ್ಲ. ಮನೆಯವರಿಗೆ ಬೆವರು ಬಂತು.

ಕೊಟ್ರೇಶನಿಗೂ ಬಂತು. ಹಿತ್ತಲಿನ ಘಮ ಈಗ ಬದಲಾಗಿತ್ತು. ಮೊದಲು ಬಂದದ್ದು ಬದನೆಕಾಯಿಯದು, ಈಗ ಬರುತ್ತಿರುವುದು ಹೊಸದಾಗಿ ಇಟ್ಟ ಗೆಣಸಿನದು ಇದ್ದ ಹಾಗಿತ್ತು. ಅದು ಹೇಗೆ ಎಂದು ಯೋಚಿಸುವಷ್ಟು ಸಮಾಧಾನ ಅವನಿಗಿರಲಿಲ್ಲ. ನೀರು ಕುಡಿದು ಬರುತ್ತೇನೆ ಎಂದ. ಅಜ್ಜಾರು ತಮ್ಮ ಪಕ್ಕದ ಚೊಂಬನ್ನೇ ಮುಂದೆ ಸರಿಸಿದರು. ಕಾಲು ಜೋಮು ಹಿಡಿದಿದೆ ಎಂದ. ಕತೆ ಕೇಳಲು ಕಾಲು ಬೇಕಾಗಿಲ್ಲ ಎಂದರು. ಹಾಲಪ್ಪನಿಗೆ ಸೌದೆ ಸಾಲದೇನೋ, ಒಂದು ಹೊರೆ ಕೊಟ್ಟು ಬರಲೇ ಎಂದ. ಅಜ್ಜಾರು ಅವನ ಕಡೆ ತಿರುಗಿದರು.

"ಹಾಲಪ್ಪ ಕೇಳಿದನೇ?"

"ಇಲ್ಲ."

"ಹಾಗಾದರೆ ಮೂರನೆಯ ದಿನದ ಕತೆ ಕೇಳು" ಎಂದರು.

ಮೂರನೆಯ ದಿನ ಮುದುಕಿ ಬೆಳಿಗ್ಗೆಯೇ ಆವಿಗೆಯ ಬಾಯಿಗೆ ಅಡ್ಡವಾಗಿ ಮಣೆ ಹಾಕಿಕೊಂಡು ಕೂತಳು. ತಟ್ಟೆ ಮುಂದಿತ್ತು. ಪಕ್ಕದಲ್ಲಿ ಉಪ್ಪಿನ ಮಡಕೆ. ಮನೆಯವರನ್ನೆಲ್ಲ ಕರೆದಳು. ಸಂತೆಯಿಂದ ತಮ್ಮನನ್ನೂ ಹಿಡಿದು ತರಿಸಿದಳು. ಎಲ್ಲರೂ ಸುತ್ತ ನಿಂತರು. ಈ ತಟ್ಟೆಗೆ ಉಪ್ಪು ಹಾಕಬೇಕೆನ್ನುವವರು ಈಗ ಹಾಕಿ, ಈ ಹುಡುಗಿಯ ಮುಖ ನೋಡಿಕೊಂಡು, ನಿನ್ನ ಕೈಯಲ್ಲಿ ಆಗುವುದಿಲ್ಲವೆಂದು ನಾನು ಹಾಕುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ ಹಾಕಿ ಎಂದಳು.

ಯಾರ ಕೈಯೂ ಮುಂದೆ ಬರಲಿಲ್ಲ. ಕುಂಬಾರನ ಹೆಂಡತಿಗೆ ಅಳು ಬಂತು. ಪ್ರೀತಿಯಿಂದ ಹಾಕಿದೆ ಎಂದುಕೊಂಡಿದ್ದಳು. ಪ್ರೀತಿಯೂ ಸುಳ್ಳಾಗಿರಲಿಲ್ಲ. ಆದರೆ ಆ ಹಿಡಿಯೊಳಗೆ ಇನ್ನೂ ಒಂದು ಮಾತಿತ್ತೆಂದು ಅವಳಿಗೆ ಆಗಲೇ ತಿಳಿದದ್ದು.

ಮುದುಕಿ ಸೊಸೆಯ ಕಡೆ ತಿರುಗಿದಳು. ನಿನಗೆ ಉಪ್ಪು ಯಾವಾಗ ಹಾಕಬೇಕು ಎಂದು ಕೇಳಿದಳು. ಮೂರು ದಿನದಲ್ಲಿ ಆ ಹುಡುಗಿಯನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಸುಟ್ಟು ತೆಗೆದ ಮೇಲೆ, ಒಂದು ಚಿಟಿಕೆ, ಎಂದಳು ಸೊಸೆ. ಹಾಗೇ ಮಾಡು ಎಂದಳು ಮುದುಕಿ. ಮಣೆ ಬಿಟ್ಟು ಏಳಲಿಲ್ಲ. ತಟ್ಟೆ ಬೆಂದು ಹೊರಗೆ ಬಂದಿತು. ಸೊಸೆ ಚಿಟಿಕೆ ಉಪ್ಪು ತೆಗೆದು, ಎಲ್ಲರಿಗೂ ಕೇಳುವ ಹಾಗೆ "ಹಾಕಿದೆ" ಎಂದಳು.

ಎಡೆ ಆದ ಮೇಲೆ ಮುದುಕಿ ಒಂದು ಹೋಳು ತಿಂದಳು. ಇನ್ನೊಂದು ತಿಂದಳು. ಮನೆಯವರು ಬಾಯಿ ನೀರೂರಿಸಿಕೊಂಡು ನಿಂತಿದ್ದಂತೆಯೇ ಇಡೀ ತಟ್ಟೆ ಖಾಲಿ ಮಾಡಿ, ಅಂಚಿನಲ್ಲಿ ಅಂಟಿದ್ದ ಈರುಳ್ಳಿಯನ್ನು ಕೆರೆದು ತಿಂದು, ಸೊಂಟದ ಸೌಟು ತೆಗೆದು ಸೊಸೆಯ ಕೈಗಿಟ್ಟಳು. ಹಲ್ಲಿಲ್ಲದ ಮುದುಕಿ ಇಷ್ಟನ್ನು ಹೇಗೆ ತಿಂದಳು ಎಂದು ಕೇಳಬೇಡ. ಅವಳಿಗೆ ಹಲ್ಲಿರಲಿಲ್ಲ ಎಂದು ನಾನು ಇದುವರೆಗೆ ಹೇಳಿಯೇ ಇಲ್ಲ.

ಅಂದಿನಿಂದ ಆ ಕೇರಿಯಲ್ಲಿ ಒಂದು ಪದ್ಧತಿ ಬಂತು. ಯಾವ ಮನೆಯಲ್ಲಿ ಯಾರು ಉಪ್ಪು ಹಾಕಿದರೂ ಬೀದಿಗೆ ಕೇಳುವ ಹಾಗೆ ಕೂಗಿ ಹೇಳಬೇಕು. ಬೆಳಗಿನ ಅಡುಗೆ ಹೊತ್ತಿನಲ್ಲಿ ಆ ಕಡೆ ಹೋದ ಹೊಸಬರು ಏನೋ ಹೊಡೆದಾಟ ಎಂದು ಕೋಲು ಹಿಡಿದು ಓಡಿಬರುತ್ತಾರೆ. ನಾನೂ ಒಮ್ಮೆ ಓಡಿಹೋಗಿದ್ದೆ, ಊಟ ಮಾಡಿಸಿ ಕಳಿಸಿದರು ಎಂದರು ಅಜ್ಜಾರು.

ಕತೆ ಮುಗಿಯಿತು. ಜಗಲಿಯ ನೆರಳು ಮೆಟ್ಟಿಲಿಗೆ ಸರಿದಿತ್ತು. ಕೊಟ್ರೇಶ ತಲೆ ತಗ್ಗಿಸಿ ಕೂತಿದ್ದ. ಒಳಗೆ ಸೋತಿದ್ದ, ಆದರೆ ಪೂರ್ತಿ ಸೋತಿರಲಿಲ್ಲ. ಕುಂಬಾರನ ಮನೆಯಲ್ಲಿ ನಾಲ್ಕು ಜನ ಹಾಕಿದ್ದರು. ಇಲ್ಲಿ ತಾನೊಬ್ಬನೇ. ಒಬ್ಬನ ಕೈಯಿಂದ ಅಂಥದ್ದೇನಾಗುತ್ತದೆ? ಇದನ್ನು ಹೇಗೆ ಕೇಳುವುದೆಂದು ಹೊಂಚು ಹಾಕಿ, ಕೊನೆಗೆ ಕುಂಬಾರರ ಮೇಲೆಯೇ ಹಾಕಿ ಕೇಳಿದ. ಅಜ್ಜಾರೇ, ಆ ಮನೆಯಲ್ಲಿ ಬೇರೆಯವರು ಹಾಕದೇ ಇದ್ದಿದ್ದರೆ, ಅತ್ತೆಯೊಬ್ಬಳೇ ಹಾಕಿದ್ದು ಹದವಾಗಿಯೇ ಇರುತ್ತಿತ್ತೇ?

"ಒಬ್ಬೊಬ್ಬರದೂ ಹದವಾಗಿಯೇ ಇತ್ತು" ಎಂದರು ಅಜ್ಜಾರು. "ಆ ಮಗನದೊಂದು ಬಿಟ್ಟು."

ಕೊಟ್ರೇಶನಿಗೆ ಸ್ವಲ್ಪ ಜೀವ ಬಂತು. ಹಾಲಪ್ಪ ಮರೆತಿದ್ದರೆ ತಾನು ಹಾಕಿದ್ದು ಸರಿಹೋಗುತ್ತದೆ. ಹಾಲಪ್ಪ ಮರೆಯುವವನೇ. ದೇವರೇ, ಅವನು ಇವತ್ತೂ ಮರೆತಿರಲಿ.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಒಳಗಿನಿಂದ ಪಂಕ್ತಿಯ ಗದ್ದಲ, ಎಲೆ ಹಾಕುವ ಸದ್ದು, ಅನ್ನದ ಬುಟ್ಟಿ ಎಳೆಯುವ ಸದ್ದು ಕೇಳಿತು. ಸ್ವಲ್ಪ ಹೊತ್ತು ಎಲ್ಲ ನಿಶ್ಶಬ್ದ. ಜನ ಮೊದಲ ತುತ್ತು ಬಾಯಿಗಿಡುವಾಗಿನ ನಿಶ್ಶಬ್ದ. ಕೊಟ್ರೇಶ ಕಣ್ಣು ಮುಚ್ಚಿದ. ಯಾರೋ ಕೆಮ್ಮುತ್ತಾರೆ, ಯಾರೋ ನೀರು ನೀರು ಎನ್ನುತ್ತಾರೆ ಎಂದು ಕಾದ. ಯಾರೂ ಕೆಮ್ಮಲಿಲ್ಲ. ಯಾರೋ "ಇನ್ನೊಂಚೂರು ಆ ಗೆಣಸು ತನ್ನಿ" ಎಂದರು. ಆ ಮೂಲೆಯಿಂದ ಇನ್ನೊಬ್ಬರು, ಇಲ್ಲಿಗೂ ಬರಲಿ ಎಂದರು.

ಬಾಗಿಲಲ್ಲಿ ಹಾಲಪ್ಪ ಕಾಣಿಸಿಕೊಂಡ. ಮುಖದ ತುಂಬ ಮಸಿ, ಮಸಿಯ ನಡುವೆ ಹಲ್ಲು. ಮೇಲಿನ ವಸ್ತ್ರ ಎಲ್ಲೋ ಮರೆತು ಬಂದಿದ್ದ. ಅಡುಗೆಮನೆ ತನಗೇ ಇರಲಿ ಎಂದು ಹಿರಿಯರು ಈಗಷ್ಟೇ ಊಟಕ್ಕೆ ಕೂತಲ್ಲಿಂದಲೇ ಹೇಳಿದರೆಂದೂ, ಎರಡನೆಯ ತಟ್ಟೆಗೆ ಮೂರು ಬೆರಳಲ್ಲಿ ಉಪ್ಪನ್ನು ತಾನು ಬೆಕ್ಕಿಗೆ ಹೇಳಿಯೇ ಹಾಕಿದೆನೆಂದೂ, ಅದರಿಂದ ಮರೆಯಲಿಲ್ಲವೆಂದೂ ಒಂದೇ ಉಸಿರಿಗೆ ವರದಿ ಒಪ್ಪಿಸಿದ. ಬೆಕ್ಕು ಬಿಟ್ಟು ಬೇರೆ ಯಾರೂ ಒಲೆಯ ಹತ್ತಿರ ಸುಳಿಯಲಿಲ್ಲ, ಎಂದೂ ಇಲ್ಲದ ನೆಮ್ಮದಿ ಇತ್ತು ಎಂದ.

ಕೊಟ್ರೇಶ ಕಣ್ಣು ಬಿಟ್ಟ. ಎರಡನೆಯ ತಟ್ಟೆ ಎಂದರೆ ಯಾವುದು? ತಾನು ಕಂಡದ್ದು ಒಂದೇ ತಟ್ಟೆ. ಅಜ್ಜಾರನ್ನು ನೋಡಿದ. ಅವರು ಗಡ್ಡದಲ್ಲಿ ಬಿಳಿ ಕೂದಲು ಹುಡುಕುತ್ತಿದ್ದರು. ಪ್ರತಿ ಬೆಳಿಗ್ಗೆ ಇವರು ಬೆಕ್ಕಿಗೆ ಹಾಲಿಡಲು ಒಲೆಯ ಹಿಂದೆ ಹೋಗುತ್ತಾರೆಂಬುದು ಅವನಿಗೆ ಆಗ ನೆನಪಾಯಿತು. ಕತೆ ಯಾಕೆ ಅಷ್ಟು ಉದ್ದವಾಯಿತೆಂಬುದೂ ನಿಧಾನವಾಗಿ ತಲೆಗೆ ಇಳಿಯಿತು.

ಹಾಲಪ್ಪ ಹೊರಟವನು ಏನೋ ಮರೆತಿದ್ದು ನೆನಪಾಗಿ ಹಿಂತಿರುಗಿದ.

"ಅಜ್ಜಾರೇ, ಬೆಳಿಗ್ಗೆ ಮೊದಲನೇ ತಟ್ಟೆಯನ್ನು ಸುಟ್ಟು ಬೇರೆ ತೆಗೆದಿಡು, ಪಂಕ್ತಿಗೆ ಹೊಸದಾಗಿ ಇನ್ನೊಂದು ಇಡು ಅಂದಿದ್ರಲ್ಲ. ಅದನ್ನ ಯಾರಿಗೆ ಬಡಿಸಲಿ?"

"ನನಗೂ ಕೊಟ್ರೇಶನಿಗೂ ಬಡಿಸಪ್ಪಾ" ಎಂದರು ಅಜ್ಜಾರು, "ಅದರಲ್ಲಿ ಅವನ ಉಪಕಾರದ ಮೇಲೆ ನನ್ನದೂ ಒಂದು ಹಿಡಿ ಇದೆ."

ಕೊಟ್ರೇಶ ಎದ್ದು ಹೋಗಿ, ಮಠದಲ್ಲಿದ್ದ ಎಲ್ಲಕ್ಕಿಂತ ದೊಡ್ಡ ನೀರಿನ ಕೊಡವನ್ನು ಹೊತ್ತು ತಂದು ಎರಡು ಎಲೆಗಳ ನಡುವೆ ಇಟ್ಟ.